ಮುಗಿಲಿನ ಬರ, ಮನೆಯ ಬರ

ಮಿರಗದ (ಮೃಗಶಿರಾ) ಮಳೆ ಕೈಕೊಟ್ಟ ವರ್ಷ, ಬಸವಕಲ್ಯಾಣದ ಮೋರಖಂಡಿಯಂಥ ಊರುಗಳಲ್ಲಿ "ಯಾರ ಪಾಪಕ್ಕೋ ಏನೋ" ಎಂಬ ಮಾತು ಹುಟ್ಟುತ್ತದೆ. ಉದ್ದು, ಹೆಸರು, ಸೋಯಾ, ತೊಗರಿಯ ಬೀಜ ತಂದಿಟ್ಟುಕೊಂಡು ಮುಗಿಲು ನೋಡುವವರ ಸಂಕಟದ ಮಾತದು. ಅದರಲ್ಲಿ ಅರ್ಧ ಸುಳ್ಳಿದೆ, ಅರ್ಧ ನಿಜವಿದೆ. ಎರಡನ್ನೂ ಬಿಡಿಸಿ ನೋಡದೆ ಬರವನ್ನು ಅರಿಯಲಾಗದು.

ಮೊದಲು ಸುಳ್ಳಿನ ಭಾಗ: ಮಳೆ ತಪ್ಪುವುದು ಯಾರ ಪಾಪದಿಂದಲೂ ಅಲ್ಲ. ಪೆಸಿಫಿಕ್ ಸಾಗರದ ಮೇಲೆ ಪೂರ್ವದಿಂದ ಬೀಸುವ ಗಾಳಿ ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತಿರುತ್ತದೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಆ ಗಾಳಿ ಸೊರಗುತ್ತದೆ, ಬಿಸಿನೀರು ಪೆರುವಿನತ್ತ ಸರಿಯುತ್ತದೆ, ಮಳೆಮೋಡ ಕಟ್ಟುವ ತಾಣವೂ ಅದರ ಹಿಂದೆಯೇ ಹೋಗುತ್ತದೆ. ಇದೇ ಎಲ್ ನಿನೊ. ಅಂಥ ವರ್ಷ ನಮ್ಮ ಮುಂಗಾರು ಬಲಗುಂದುವುದೇ ಹೆಚ್ಚು. 1972, 2015, 2023 ಇದಕ್ಕೆ ಸಾಕ್ಷಿ. ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್, ದೂರದ ಸಾಗರಗಳ ವಾಯುಭಾರಕ್ಕೂ ನಮ್ಮ ಮಳೆಗೂ ನಂಟಿದೆಯೆಂದು ಅಂಕಿಗಳಿಂದ ತೋರಿಸಿದರು. ಆದರೂ ಈ ನಂಟು ವಿಧಿಯಲ್ಲ. 1997ರ ಎಲ್ ನಿನೊ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಹೆಚ್ಚು ಬೆಚ್ಚಗಾಗಿ ತೇವ ಒದಗಿಸಿತು, ದೇಶದ ಮಳೆ ಸೋಲಲಿಲ್ಲ.

ಹೀಗಿರುವಾಗ ಮಳೆ ತಪ್ಪಿದ್ದಕ್ಕೆ ಊರಿನ ಯಾವ ವಿಧವೆಯೂ, ಯಾವ ಕೇರಿಯೂ ಕಾರಣವಲ್ಲ. ಕೈಲಾಗದವರ ತಲೆಗೆ ಅಪವಾದ ಕಟ್ಟುವ ಹಳೆಯ ಕ್ರೌರ್ಯದಿಂದ ನಮ್ಮನ್ನು ಬಿಡಿಸುವುದು ಈ ತಿಳಿವಳಿಕೆಯ ಮೊದಲ ಪುಣ್ಯ.

ಇನ್ನು ನಿಜದ ಭಾಗ. ಬರಕ್ಕೆ ಮೆಟ್ಟಿಲುಗಳಿವೆ. ವಾಡಿಕೆಗಿಂತ ಶೇ 26ರಷ್ಟೋ ಅದಕ್ಕೂ ಹೆಚ್ಚೋ ಮಳೆ ಕಡಿಮೆಯಾದರೆ ಅದು ಮುಗಿಲಿನ ಬರ. ಬೇರಿಗೆ ಹಸಿ ಸಿಗದೆ ಪೈರು ಬಾಡಿದರೆ ಹೊಲದ ಬರ. ಹಳ್ಳ, ಕೆರೆ, ಬಾವಿ ಬತ್ತಿದರೆ ನೀರಿನ ಬರ. ದನ ಮಾರಿ, ಸಾಲ ಮಾಡಿ, ಮನೆಗೆ ಬೀಗ ಹಾಕಿ ಹೈದರಾಬಾದಿಗೋ ಪುಣೆಗೋ ಹೋಗಬೇಕಾದರೆ ಅದು ಮನೆಯ ಬರ. ಮೊದಲನೆಯದು ಸಮುದ್ರದಿಂದ ಬರುತ್ತದೆ. ಅಲ್ಲಿಂದ ಕೆಳಗಿಳಿಯುವ ಒಂದೊಂದು ಮೆಟ್ಟಿಲಿನಲ್ಲೂ ಮನುಷ್ಯನ ಕೈಯಿದೆ. ನಮ್ಮ ಕರಿಕಲ್ಲಿನ ನೆಲ ಹೆಚ್ಚಾಗಿ ಬಿರುಕುಗಳಲ್ಲಿ ನೀರು ಹಿಡಿಯುತ್ತದೆ. ಅದನ್ನು ಬೋರ್‌ವೆಲ್ಲಿನಿಂದ ಮೇಲೆತ್ತಿ ವರ್ಷವಿಡೀ ಕಬ್ಬಿಗೆ ಹರಿಸಿದರೆ, ಕುಡಿಯುವ ಕೊಡಕ್ಕೆ ಉಳಿಯುವುದೇನು? ಮಾಂಜ್ರಾ ನದಿ ಕಣಿವೆಯ, ನಮ್ಮ ನೆರೆಯ ಲಾತೂರಿಗೆ 2016ರಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಅದು ಕಬ್ಬಿನ ಸೀಮೆ ಎಂಬುದನ್ನು ಮರೆಯಬಾರದು.

ಈ ನೆಲ ಬರವನ್ನು ಹೊಸದಾಗಿ ಕಂಡದ್ದಲ್ಲ. 1396ರಿಂದ ಹನ್ನೆರಡು ವರ್ಷ ದಖ್ಖನ್ನನ್ನು ಸುಟ್ಟ ಕ್ಷಾಮಕ್ಕೆ ಜನ ದುರ್ಗಾದೇವಿಯ ಬರ ಎಂದು ಹೆಸರಿಟ್ಟರು. ಮುಂದಿನ ಶತಮಾನದಲ್ಲಿ ಬೀದರಿನಲ್ಲಿ ನೆಲದಡಿ ಸುರಂಗ ಬಾವಿ ತೋಡಿ ನೀರನ್ನು ಜತನದಿಂದ ಹರಿಸಿದರು. ಅದೇ ಕಾಲದ ಐತಿಹ್ಯದಲ್ಲಿ, ಬೀದರಿನ ಸುಲ್ತಾನರ ಅಧಿಕಾರಿ ದಾಮಾಜಿ ಪಂತ ಮಂಗಳವೇಡೆಯ ಸರ್ಕಾರಿ ಕಣಜವನ್ನು ಹಸಿದವರಿಗೆ ತೆರೆದುಬಿಡುತ್ತಾನೆ. ಮಳೆ ತರಿಸಿದವನೆಂದು ಯಾರೂ ಅವನನ್ನು ನೆನೆಯುವುದಿಲ್ಲ. ಮುಗಿಲಿನ ಬರ ಮನೆಯೊಳಗೆ ಕಾಲಿಡದಂತೆ ತಡೆದದ್ದಕ್ಕೆ ನೆನೆಯುತ್ತಾರೆ.

ಇವತ್ತು ಎಲ್ ನಿನೊ ಬರುವ ಸುಳಿವು ತಿಂಗಳುಗಳ ಮೊದಲೇ ಸಿಗುತ್ತದೆ. ದಾಮಾಜಿಗೆ ಇಲ್ಲದ ಈ ತಿಳಿವು ಇದ್ದೂ ನಾವು ಕೆರೆಯ ಹೂಳೆತ್ತದೆ, ಮೇವು ಕೂಡಿಡದೆ, ಕೂಲಿಯ ಕೆಲಸ ಸಿದ್ಧಪಡಿಸದೆ ಕೂತರೆ ಆ ಅಪರಾಧ ಸಮುದ್ರದ್ದಲ್ಲ. ಮೇಲಾಗಿ, ನಾವು ಉಗುಳಿದ ಹೊಗೆ ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕೂ ಹೆಚ್ಚು ಸಮುದ್ರವನ್ನೇ ಸೇರಿದೆ. ಆ ಹೊಗೆಯಲ್ಲಿ ಮೋರಖಂಡಿಯ ಒಕ್ಕಲಿನ ಪಾಲು ತೀರ ಕಡಿಮೆ, ಪೆಟ್ಟು ಮಾತ್ರ ಅವನಿಗೆ ಮೊದಲು.

ದುಡಿದದ್ದನ್ನು ಹಂಚಿಕೊಂಡು ಉಣ್ಣುವ ದಾಸೋಹವನ್ನು ಬಾಳುವೆಯ ನಿಯಮವಾಗಿಸಿದ ನೆಲ ಕಲ್ಯಾಣ. ಆ ನಿಯಮ ಅನ್ನಕ್ಕೆ ಹೇಗೋ ಅಂತರ್ಜಲಕ್ಕೂ ಹಾಗೆಯೇ ಸಲ್ಲಬೇಕು. ಮಳೆ ಬರದಿದ್ದರೆ ಅದು ನಿಸರ್ಗದ ಏರಿಳಿತ. ಮಳೆ ಬಾರದ ವರ್ಷ ಒಬ್ಬರ ತೋಟ ಹಸಿರಾಗಿದ್ದು ಇನ್ನೊಬ್ಬರ ಮನೆಗೆ ಬೀಗ ಬಿದ್ದರೆ, ಅದರ ಹೊಣೆ ಊರು ಹೊರಬೇಕು, ಸರ್ಕಾರ ಹೊರಬೇಕು, ನಾವೆಲ್ಲ ಹೊರಬೇಕು.