ಗುರುತು ಹೇಳದೆ ಹೋದವನು

ಪದ್ಮರಾಜನ್ ಎಂದೊಡನೆ ನಮ್ಮವರಿಗೆ ‘ತೂವಾನತ್ತುಂಬಿಗಳ್’ ನೆನಪಾಗುತ್ತದೆ. ಅವರ 1990ರ ‘ಇನ್ನಲೆ’ಯ ಮಾತೆತ್ತುವವರು ಕಡಿಮೆ. ನಾನೂ ತಡವಾಗಿಯೇ ನೋಡಿದೆ. ಬಸ್ಸಪಘಾತದಲ್ಲಿ ನೆನಪು ಕಳೆದುಕೊಂಡ ಹೆಣ್ಣು (ಶೋಭನಾ) ಡಾಕ್ಟರಮ್ಮನ ಮಗನನ್ನು ಪ್ರೀತಿಸುತ್ತಾಳೆ. ಅಷ್ಟರಲ್ಲಿ ಗಂಡ ಹುಡುಕಿಕೊಂಡು ಬರುತ್ತಾನೆ. ಎದುರೇ ಕಂಡರೂ ಅವಳಿಗೆ ಗುರುತಿಲ್ಲ. ತಾನು ಹುಡುಕುವವಳು ಇವಳಲ್ಲವೆಂದು ಹೇಳಿ ಅವನು ಹೊರಟುಬಿಡುತ್ತಾನೆ.

ಎಂಥ ತ್ಯಾಗವೆಂದು ಮನೆಯವರು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಕಸಿವಿಸಿ. ನಮ್ಮ ಬ್ಯಾಂಕಿನಲ್ಲಿ ಖಾತೆದಾರ ಮರೆತ ಠೇವಣಿಯೂ ಅವನದೇ. ಮರೆತನೆಂದು ನಾವು ಮುಚ್ಚಿಡುವಂತಿಲ್ಲ. ಅವಳ ನಿನ್ನೆಗಳನ್ನು ಅವಳಿಗೇ ತಿಳಿಸದೆ ಒಯ್ಯಲು ಅವನಿಗೇನು ಹಕ್ಕು? ಆದರೆ ಹೇಳಿದ್ದರೆ, ಗುರುತಿಲ್ಲದ ಗಂಡಸಿನ ಮನೆಗೆ ಅವಳು ಹೆಂಡತಿಯಾಗಿ ಹೋಗಬೇಕಿತ್ತಲ್ಲ!

“ನೀವಾಗಿದ್ದರೆ ಹೇಳುತ್ತಿದ್ದಿರಾ?” ಎಂದು ನನ್ನವಳು ಕೇಳಿದಳು. ಉತ್ತರ ಹೊಳೆಯದೆ ಟೀವಿ ಆರಿಸಿದೆ.