ಶನಿವಾರದ ಬೆಂಕಿ ಯಾರದು?

ಗಲಿಲಾಯ ಸರೋವರದ ದಂಡೆಯ ತಿಬೇರಿಯಸ್ ಪಟ್ಟಣದಲ್ಲಿ ನೆಲದೊಳಗಿಂದ ಬಿಸಿನೀರಿನ ಬುಗ್ಗೆಗಳು ಉಕ್ಕುತ್ತವೆ. 1800 ವರ್ಷಗಳಿಗೂ ಹಿಂದೆ ಅಲ್ಲಿನ ಯಹೂದಿಗಳು ಒಂದು ಉಪಾಯ ಹೂಡಿದರು. ಬುಗ್ಗೆಯ ನೀರು ಹರಿಯುವ ಕಾಲುವೆಯೊಳಗೆ ತಣ್ಣೀರಿನ ಕೊಳವೆಯೊಂದನ್ನು ಹಾಯಿಸಿದರು. ಕಾಲುವೆಯ ಕಾವು ತಗುಲಿ ಕೊಳವೆಯ ನೀರು ತಾನೇ ಬಿಸಿಯಾಗುತ್ತಿತ್ತು. ಯಾರೂ ಸೌದೆ ಒಟ್ಟಬೇಕಿರಲಿಲ್ಲ, ಉರಿ ಹಚ್ಚಬೇಕಿರಲಿಲ್ಲ. ಆದರೂ ಧರ್ಮಪಂಡಿತರು ಒಪ್ಪಲಿಲ್ಲ. ಯಹೂದಿಗಳ ವಾರದ ವಿರಾಮವಾದ ಸಬ್ಬತ್ ದಿನ ಹೀಗೆ ಕಾದ ನೀರು ಆ ದಿನವೇ ಒಲೆಯ ಮೇಲೆ ಕಾಯಿಸಿದ ನೀರಿಗೆ ಸಮ, ಅದು ಸ್ನಾನಕ್ಕೂ ಆಗದು, ಕುಡಿಯಲೂ ಆಗದು ಎಂದರು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲಿ ಈ ಪ್ರಕರಣ ದಾಖಲಾಗಿದೆ. ಊರಿನವರು ಕೊನೆಗೆ ಆ ಕೊಳವೆಯನ್ನು ಒಡೆದುಹಾಕಿದರೆಂದು ಮಿಶ್ನಾವನ್ನು ಚರ್ಚಿಸುವ ತಾಲ್ಮುದ್ ತಿಳಿಸುತ್ತದೆ.

ನೀರು ಕಾಯಿಸಿದ್ದು ಭೂಮಿ, ಕೊಳವೆ ಇಟ್ಟದ್ದು ಮನುಷ್ಯ. ಹಾಗಾದರೆ ಆ ಕಾವಿನ ಕರ್ತೃ ಯಾರು?

ಇದೇ ಪ್ರಶ್ನೆ ಇಂದು ಯಹೂದಿಗಳು ಹೆಚ್ಚಾಗಿ ವಾಸಿಸುವ ಲಂಡನ್ನಿನ ಗೋಲ್ಡರ್ಸ್ ಗ್ರೀನ್, ಸ್ಟ್ಯಾಮ್‌ಫರ್ಡ್ ಹಿಲ್ ಬಡಾವಣೆಗಳಲ್ಲಿ ಗ್ಯಾಸ್ ಬಾಯ್ಲರ್‌ನ ಮುಂದೆ ಏಳುತ್ತದೆ. ಸಬ್ಬತ್ ಆರಂಭವಾಗುವುದು ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ, ಮುಗಿಯುವುದು ಶನಿವಾರ ರಾತ್ರಿ ನಕ್ಷತ್ರ ಮೂಡಿದ ಮೇಲೆ. ಈ ವಿರಾಮ ನಮ್ಮ ನೆರೆಗೂ ಹೊಸದಲ್ಲ: ಕೊಂಕಣದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳು ಶನಿವಾರ ಗಾಣ ಕಟ್ಟುತ್ತಿರಲಿಲ್ಲವೆಂದು ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಸಬ್ಬತ್ ದಿನ ಮಾಡಬಾರದ 39 ಬಗೆಯ ಕೆಲಸಗಳನ್ನು ಮಿಶ್ನಾ ಪಟ್ಟಿ ಮಾಡಿದೆ. ಬೆಂಕಿ ಹೊತ್ತಿಸುವುದು, ಬೆಂಕಿ ಆರಿಸುವುದು, ಬೇಯಿಸುವುದು ಮೂರೂ ಅದರಲ್ಲಿವೆ. ಬಾಯ್ಲರ್ ಒಂದೇ ಗಂಟೆಯಲ್ಲಿ ಈ ಮೂರನ್ನೂ ಹಲವು ಸಲ ಮಾಡುತ್ತದೆ.

ಬ್ರಿಟನ್ನಿನ ಮನೆಗಳ ಸೆಂಟ್ರಲ್ ಹೀಟಿಂಗ್‌ನಲ್ಲಿ ಬಾಯ್ಲರ್ ಕಾಯಿಸಿದ ನೀರನ್ನು ಪಂಪು ಕೋಣೆಗಳ ರೇಡಿಯೇಟರುಗಳಿಗೂ, ಸ್ನಾನದ ನೀರಿನ ಸಿಲಿಂಡರಿಗೂ ಕಳಿಸುತ್ತದೆ. ಯಾವ ಹೊತ್ತಿಗೆ ಎಂಬುದನ್ನು ಟೈಮರ್ ನೋಡಿಕೊಳ್ಳುತ್ತದೆ, ಎಷ್ಟು ಬಿಸಿ ಎಂಬುದನ್ನು ಥರ್ಮೋಸ್ಟಾಟ್, ಯಾವ ಕಡೆಗೆ ಎಂಬುದನ್ನು ಮೋಟಾರು ಜೋಡಿಸಿದ ವಾಲ್ವ್. ಇವು ಸರಿಯಾಗಿದ್ದರೆ ಶುಕ್ರವಾರ ಮಧ್ಯಾಹ್ನವೇ ಎಲ್ಲವನ್ನೂ ಹೊಂದಿಸಿ ಮನುಷ್ಯ ಕೈ ಹಿಂದೆಗೆಯಬಹುದು. ಕೆಡುವುದೂ ಇವೇ. ವೈರ್‌ಲೆಸ್ ಥರ್ಮೋಸ್ಟಾಟಿನ ಬ್ಯಾಟರಿ ಮುಗಿದರೆ ಬಾಯ್ಲರಿಗೆ ಕರೆಯೇ ಹೋಗುವುದಿಲ್ಲ. ವಾಲ್ವ್ ಸಿಕ್ಕಿಕೊಂಡರೆ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ರೇಡಿಯೇಟರು ತಣ್ಣಗೇ ಇರುತ್ತದೆ. ಅಕ್ಟೋಬರ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವಾಗ ಟೈಮರನ್ನು ಮರೆತರೆ ಮನೆಯ ಕಾವು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೋಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಹೆಪ್ಪುಗಟ್ಟುವ ಕೊಳವೆಯ ಕಥೆ. 2005ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳು ಬಹುಮಟ್ಟಿಗೆ ಕಂಡೆನ್ಸಿಂಗ್ ಮಾದರಿಯವೇ ಆಗಿರಬೇಕು. ಅವುಗಳಲ್ಲಿ ಹೊಗೆಯ ಆವಿ ತಣಿದು ನೀರಾಗಿ ಸಣ್ಣ ಕೊಳವೆಯಲ್ಲಿ ಹೊರಗೆ ಹರಿಯುತ್ತದೆ. ಆ ಕೊಳವೆ ಗೋಡೆಯಾಚೆ ಇದ್ದರೆ ಕೊರೆಯುವ ರಾತ್ರಿಯಲ್ಲಿ ಮಂಜುಗಡ್ಡೆಯಿಂದ ಕಟ್ಟಿಕೊಳ್ಳುತ್ತದೆ, ಬಾಯ್ಲರ್ ನಿಂತುಬಿಡುತ್ತದೆ. ಅಂದರೆ ಕಾವು ಅತ್ಯಂತ ಬೇಕಾದ ರಾತ್ರಿಯೇ ಅದು ಕೈಕೊಡುತ್ತದೆ. ಬೆಚ್ಚಗಿನ ನೀರು ಸುರಿದು ಗಡ್ಡೆ ಕರಗಿಸಿ ರೀಸೆಟ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಆ ಗುಂಡಿ ಒತ್ತುವುದೆಂದರೆ ಜ್ವಾಲೆ ಹೊತ್ತಿಸುವುದೇ. ಸಬ್ಬತ್ ಪಾಲಿಸುವವನ ಬೆರಳು ಅಲ್ಲಿ ನಿಲ್ಲುತ್ತದೆ.

ಸಬ್ಬತ್ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದೆಂಬ ಆಜ್ಞೆ ಬೈಬಲಿನ ವಿಮೋಚನಕಾಂಡದಲ್ಲಿದೆ. ಕರಾಯಿ ಪಂಥದ ಯಹೂದಿಗಳು ಇದನ್ನು ಬೆಂಕಿ ಇರಲೇಕೂಡದು ಎಂದು ಅರ್ಥಮಾಡಿ ಶತಮಾನಗಳ ಕಾಲ ಕತ್ತಲಲ್ಲಿ, ಚಳಿಯಲ್ಲಿ ಆ ರಾತ್ರಿ ಕಳೆದರು. ಧರ್ಮಗುರುಗಳಾದ ರಬ್ಬಿಗಳ ಪರಂಪರೆ ಬೇರೆ ದಾರಿ ಹಿಡಿಯಿತು: ಮೊದಲೇ ಹೊತ್ತಿಸಿದ್ದು ಉರಿಯುತ್ತಿರಲಿ, ಅಂದು ಕೈ ಹಾಕಬೇಡ. ಟೈಮರಿಗೆ ಅನುಮತಿ ದೊರೆತದ್ದು ಈ ದಾರಿಯಲ್ಲಿ. ಅದಕ್ಕೂ ವಿರೋಧವಿತ್ತು. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ (1895–1986) ದೀಪಕ್ಕೆ ಮಾತ್ರ ಟೈಮರ್ ಒಪ್ಪಿದರು. ಎಲ್ಲ ಕೆಲಸವನ್ನೂ ಯಂತ್ರಕ್ಕೆ ಮುಂಗಡವಾಗಿ ವಹಿಸಿಬಿಟ್ಟರೆ ಸಬ್ಬತ್ತಿನ ಘನತೆಗೇ ಕುಂದು ಎಂಬುದು ಅವರ ಆತಂಕ. ಬಹುತೇಕರು ಅವರಷ್ಟು ಬಿಗಿ ಹಿಡಿಯಲಿಲ್ಲ. ಆದರೂ ಆ ಆತಂಕ ತಳ್ಳಿಹಾಕುವಂಥದ್ದಲ್ಲ.

ಬಿಸಿನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಸಿಲಿಂಡರಿನಿಂದ ಒಂದು ಚೊಂಬು ನೀರು ಹೊರಬಂದರೆ ಅಷ್ಟೇ ತಣ್ಣೀರು ಒಳಗೆ ಸೇರುತ್ತದೆ, ಬಿಸಿನೀರಿನಲ್ಲಿ ಬೆರೆತು ಕಾಯುತ್ತದೆ. ಧರ್ಮಶಾಸ್ತ್ರದ ಕಣ್ಣಿನಲ್ಲಿ ಅದು ಬೇಯಿಸಿದಂತೆ. ಮುಟ್ಟಿದ ಕೈ ತಾನಾಗಿ ಹಿಂದೆ ಸರಿಯುವಷ್ಟು ಬಿಸಿಯೇ ಬೇಯಿಸುವ ಬಿಸಿಯ ಮಿತಿ. ಜೆರುಸಲೇಮಿನ ರಬ್ಬಿ ಶ್ಲೋಮೋ ಜಲ್ಮನ್ ಔವರ್‌ಬಾಖ್ ಅದನ್ನು 45 ಡಿಗ್ರಿ ಸೆಲ್ಸಿಯಸ್ ಎಂದು ಗುರುತಿಸಿದರು. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಸಿಲಿಂಡರಿನ ನೀರು 60 ಡಿಗ್ರಿ ಇರಬೇಕೆಂಬುದು ಬ್ರಿಟನ್ನಿನ ಆರೋಗ್ಯ ಸೂಚನೆ. ಆರೋಗ್ಯ ಕೇಳುವ ಬಿಸಿ ಧರ್ಮದ ಮಿತಿಯನ್ನು ಸದಾ ಮೀರಿರುತ್ತದೆ. ಸಿಲಿಂಡರಿಲ್ಲದೆ ಬೇಕಾದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇದ್ದರಂತೂ ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ಒಳಗೆ ಉರಿ ಹೊತ್ತಿಕೊಳ್ಳುತ್ತದೆ. ಉರಿಯಿಲ್ಲದ ಕಾವಿಗೂ ತೊಡಕು ತಪ್ಪಿದ್ದಲ್ಲ. ಬೆಂಗಳೂರಿನ ಮನೆಗಳ ಮೇಲೆ ಕಾಣುವಂಥ ಸೋಲಾರ್ ಹೀಟರುಗಳೇ ಇಸ್ರೇಲಿನಲ್ಲೂ ಚಾವಣಿ ತುಂಬ ಇವೆ. ನೇರ ಬಿಸಿಲಿನಲ್ಲಿ ಕಾದದ್ದಕ್ಕೆ ನಿಷೇಧವಿಲ್ಲ, ಬಿಸಿಲಿಗೆ ಕಾದ ವಸ್ತುವಿನಿಂದ ಕಾಯಿಸಿದ್ದಕ್ಕೆ ಇದೆ. ಸೋಲಾರ್ ನೀರು ಯಾವ ಕಡೆಗೆ ಸೇರುತ್ತದೆ ಎಂಬುದರಲ್ಲಿ ರಬ್ಬಿಗಳಿಗೆ ಒಮ್ಮತವಿಲ್ಲ.

ಇಷ್ಟು ಕೇಳಿದ ಹೊರಗಿನವರು ಇದೆಲ್ಲ ದೇವರ ಕಣ್ಣು ತಪ್ಪಿಸುವ ಜಾಣತನವೆಂದು ನಗುವುದುಂಟು. ಅದು ಅನ್ಯಾಯದ ತೀರ್ಪು. ತಪ್ಪಿಸಿಕೊಳ್ಳುವ ಆಸೆಯನ್ನು ಈ ಪರಂಪರೆ ತಾನೇ ಎಲ್ಲರಿಗಿಂತ ಮೊದಲು ಗುರುತಿಸಿತ್ತು. ಸ್ನಾನಗೃಹದವರು ಸಬ್ಬತ್ತಿನಂದೇ ನೀರು ಕಾಯಿಸಿ ಹಿಂದಿನ ದಿನದ್ದೆಂದು ಸುಳ್ಳು ಹೇಳತೊಡಗಿದಾಗ ಬಿಸಿನೀರಿನ ಸ್ನಾನವನ್ನೇ ನಿಷೇಧಿಸಿದ್ದು, ಬೆವರಲು ಕೂರುವ ನೆಪದಲ್ಲಿ ಜನ ಸ್ನಾನ ಮುಂದುವರಿಸಿದಾಗ ಅದನ್ನೂ ನಿಲ್ಲಿಸಿದ್ದು, ಜನ ತಾಳಲಾರರೆಂದು ಕಂಡು ತಿಬೇರಿಯಸ್ಸಿನ ಬುಗ್ಗೆಗಳನ್ನು ಸ್ನಾನಕ್ಕೆ ಬಿಟ್ಟುಕೊಟ್ಟದ್ದು ತಾಲ್ಮುದ್‌ನಲ್ಲೇ ಇದೆ. 13ನೇ ಶತಮಾನದ ಜರ್ಮನಿಯಲ್ಲಿ ರೋಥೆನ್‌ಬರ್ಗಿನ ರಬ್ಬಿ ಮೇಯಿರ್, ತಮ್ಮ ಸಲುವಾಗಿ ಮನೆಗೆಲಸದವರು ಸಬ್ಬತ್ ದಿನ ಒಲೆ ಉರಿಸಬಾರದೆಂದು ಅದಕ್ಕೆ ಬಾಗಿಲು ಮಾಡಿಸಿ ಬೀಗ ಹಾಕಿಸಿದರು.

ಅದೇ ಪರಂಪರೆ ಚಳಿಯಲ್ಲಿ ನಡುಗುವ ದೇಹವನ್ನೂ ಮರೆಯಲಿಲ್ಲ. ಯೋಸೆಫ್ ಕಾರೋ ರಚಿಸಿ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಶುಲ್ಖಾನ್ ಅರುಖ್ ಎಂಬ ಧರ್ಮಸಂಹಿತೆಯ ಪ್ರಕಾರ ಚಳಿ ದೇಶಗಳಲ್ಲಿ ಮಕ್ಕಳಿಗಾಗಿ ಯಹೂದಿಯಲ್ಲದವರು ಬೆಂಕಿ ಮಾಡಿಕೊಡಬಹುದು. ಚಳಿ ಘೋರವಾಗಿದ್ದರೆ ದೊಡ್ಡವರಿಗೂ ಅದು ಸಲ್ಲುತ್ತದೆ, ಏಕೆಂದರೆ ಚಳಿಯ ಮುಂದೆ ಎಲ್ಲರೂ ರೋಗಿಗಳೇ ಎಂಬ ಕಾರಣವನ್ನೂ ಅದು ಕೊಡುತ್ತದೆ. ಹೀಗಾಗಿ ನಿಂತ ಬಾಯ್ಲರಿನ ರೀಸೆಟ್ ಒತ್ತಲು ಯಹೂದಿಯಲ್ಲದ ನೆರೆಯವರನ್ನು ಕರೆಯುವುದು ಕದ್ದು ಮಾಡುವ ಕೆಲಸವಲ್ಲ. ಗ್ಯಾಸ್ ಸೋರಿಕೆಯಾದರೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಯಾರನ್ನೂ ಕಾಯಬೇಕಿಲ್ಲ. ಜೀವಕ್ಕೆ ಅಪಾಯವಿರುವಾಗ ಸಬ್ಬತ್ತಿನ ನಿಷೇಧ ಅಡ್ಡಬರುವುದಿಲ್ಲ, ಫೋನ್ ಮಾಡುವುದೇ ಕರ್ತವ್ಯ.

ಈಗಿನ ತೊಡಕು ಕೆಡದ ಯಂತ್ರದ್ದು. ಮನೆಯವರ ಓಡಾಟವನ್ನು ಸೆನ್ಸರಿನಿಂದ ಗ್ರಹಿಸಿ ಕಾವು ಏರಿಸುವ ಸ್ಮಾರ್ಟ್ ಥರ್ಮೋಸ್ಟಾಟಿಗೆ ಗುಂಡಿ ಬೇಕಿಲ್ಲ, ನೀರು ಕುಡಿಯಲು ಎದ್ದು ನಡೆದರೆ ಅದೇ ಅಪ್ಪಣೆ. ಕೈ ಹಿಂದೆಗೆದರೂ ಮೈ ಆಜ್ಞೆ ಕೊಡುತ್ತಲೇ ಇರುತ್ತದೆ. ಹೀಗಾಗಿ ಸಬ್ಬತ್ ಪಾಲಿಸುವ ಮನೆಗೆ ಹೀಟಿಂಗ್ ಕೂರಿಸಲು ಬರುವ ಮೆಕ್ಯಾನಿಕ್ ಬ್ಯಾಟರಿ, ವಾಲ್ವ್, ಕೊಳವೆಗಳ ಜೊತೆ ಇನ್ನೊಂದನ್ನೂ ನೋಡಬೇಕಾಗಿದೆ: ಆ ಸೆನ್ಸರನ್ನು ಶುಕ್ರವಾರವೇ ಪೂರ್ತಿಯಾಗಿ ಆರಿಸಿಡಲು, ಉಷ್ಣತೆಯನ್ನು ಒಂದೇ ಮಟ್ಟಕ್ಕೆ ಕಟ್ಟಿಡಲು ಆ ಯಂತ್ರದಲ್ಲಿ ಅವಕಾಶವಿದೆಯೇ, ಇಲ್ಲವೇ.