ಸಿಮೆಂಟಿನ ಹಕ್ಕಿಗಳು

ಒಳ್ಳೆಯದಕ್ಕಾಗಿ ಆಡಿದ ಸುಳ್ಳು ಸುಳ್ಳಲ್ಲವೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಸಂಸಾರದಲ್ಲಿ ಆ ಮಾತನ್ನು ನನ್ನ ಅನುಕೂಲಕ್ಕೆ ಬಳಸಿಕೊಂಡೂ ಇದ್ದೇನೆ. ಆದರೆ ಕುಂಚ ಹಿಡಿದು, ಮೊಣಕಾಲೂರಿ, ಹಗಲೆಲ್ಲ ಒಂದು ಸುಳ್ಳಿಗೆ ಬಣ್ಣ ಬಳಿದದ್ದು ಜೀವಮಾನದಲ್ಲಿ ಒಂದೇ ಸಲ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ನ್ಯೂಜಿಲೆಂಡಿನ ವೆಲಿಂಗ್ಟನ್ನಿಗೆ ಹೋಗಿದ್ದಾಗ, ಅವಳ ಸ್ನೇಹಿತರೊಡನೆ ಸ್ವಯಂಸೇವಕನಾಗಿ ಮಾನಾ ದ್ವೀಪಕ್ಕೆ ದೋಣಿ ಹತ್ತಿದೆ. ಅದು 217 ಹೆಕ್ಟೇರಿನ ನಡುಗಡ್ಡೆ. ಕಾವಲಿನವರನ್ನು ಬಿಟ್ಟರೆ ಜನವಸತಿಯಿಲ್ಲ. 19ನೆಯ ಶತಮಾನದಿಂದ ಕುರಿ ಮೇಯಿಸಿ ಬೋಳಾಗಿದ್ದ ನೆಲ. 1989-90ರಲ್ಲಿ ಅಲ್ಲಿಯ ಇಲಿಗಳನ್ನು ನಿರ್ಮೂಲ ಮಾಡಿ, ಗಿಡ ನೆಟ್ಟು, ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಆದ್ದರಿಂದ ಹೋಗುವವರು ಮೊದಲು ಚೀಲ ಬಿಚ್ಚಿ ತೋರಿಸಬೇಕು. ಇಲಿ, ಇರುವೆ, ಬೂಟಿಗಂಟಿದ ಒಂದು ಬೀಜ ಕೂಡ ಆಚೆ ದಾಟಕೂಡದು.

ನನ್ನ ಪಾಲಿಗೆ ಬಂದ ಕೆಲಸ ಸಿಮೆಂಟಿನ ಹಕ್ಕಿಗಳಿಗೆ ಹೊಸ ಬಣ್ಣ ಹಚ್ಚುವುದು. ಗ್ಯಾನೆಟ್ ಎಂಬುದು ಬಿಳಿಯ ಕಡಲಹಕ್ಕಿ. ತಲೆ ಮಾತ್ರ ಅರಿಶಿನ ಸವರಿದಂತೆ. ತನ್ನವರ ಗುಂಪು ಇರುವಲ್ಲಿಯೇ ಅದು ಗೂಡು ಕಟ್ಟುವುದು. ಬರಿದಾದ ಬಂಡೆಯಲ್ಲಿ ಮೊದಲನೆಯ ಗೂಡು ಕಟ್ಟುವವರು ಯಾರು? ಈ ಗಂಟನ್ನು ಬಿಡಿಸುವ ಉಪಾಯವನ್ನು ಸ್ಟೀಫನ್ ಕ್ರೆಸ್ 1970ರ ದಶಕದಲ್ಲಿ ಅಮೆರಿಕದ ಈಸ್ಟರ್ನ್ ಎಗ್ ರಾಕ್ ನಡುಗಡ್ಡೆಯಲ್ಲಿ ಮಾಡಿ ತೋರಿಸಿದರು. ದೂರದಿಂದ ತಂದು ಸಾಕಿದ ಪಫಿನ್ ಮರಿಗಳು ಕಡಲಿಂದ ಹಿಂದಿರುಗಲೆಂದು ಮರದ ಪಫಿನ್‌ಗಳನ್ನು ನಿಲ್ಲಿಸಿದರು. 1981ರಲ್ಲಿ ಅಲ್ಲಿ ಮತ್ತೆ ಮರಿಗಳಾದವು. ಮಾನಾದಲ್ಲಿಯೂ ಹಾಗೆಯೇ 80 ಸಿಮೆಂಟಿನ ಗ್ಯಾನೆಟ್‌ಗಳನ್ನು ಇರಿಸಿ, ಧ್ವನಿವರ್ಧಕದಲ್ಲಿ ಅವುಗಳ ಕೂಗನ್ನು ಹಾಕಿದರು.

ನಂಬಿ ಬಂದು ನೆಲೆನಿಂತದ್ದು ಒಂದೇ ಗಂಡುಹಕ್ಕಿ. ಅದಕ್ಕೆ ನೈಜೆಲ್ ಎಂದು ಹೆಸರಿಟ್ಟರು. ಅದು ಒಂದು ಬೊಂಬೆಯನ್ನು ವರಿಸಿತು, ಅದರ ಸಿಮೆಂಟಿನ ಮೈಯನ್ನು ಕೊಕ್ಕಿನಿಂದ ನೇವರಿಸಿತು, ಗೂಡು ಕಟ್ಟಿತು. ಹೀಗೆ ವರ್ಷಗಳು ಕಳೆದವು. 2017ರ ಕೊನೆಗೆ ನಿಜವಾದ ಗ್ಯಾನೆಟ್‌ಗಳು ಮೂರು ಬಂದಾಗಲೂ ಅದು ಬೊಂಬೆಯ ಪಕ್ಕವನ್ನು ಬಿಡಲಿಲ್ಲ. ಕೆಲವೇ ವಾರಗಳ ಮೇಲೆ, 2018ರ ಆರಂಭದಲ್ಲಿ, ಅದೇ ಗೂಡಿನ ಬಳಿ ಸತ್ತು ಬಿದ್ದಿತ್ತು.

ಕುಂಚ ಆಡಿಸುತ್ತ ನನಗೆ ಬಾಲ್ಯದ ನೆನಪಾಯಿತು. ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ನೆಕ್ಕುತ್ತಿತ್ತು, ಹಾಲು ಸೊರೆಬಿಡುತ್ತಿತ್ತು. ಆ ಹಾಲು ಕುಡಿದವರಲ್ಲಿ ನಾನೂ ಒಬ್ಬ. ಅಲ್ಲಿ ಲಾಭ ನಮ್ಮ ಲೋಟಕ್ಕೆ. ಇಲ್ಲಿ ಹಕ್ಕಿಯ ಸಂತಾನಕ್ಕೆ. ಎರಡೂ ಒಂದೇ ಅಲ್ಲ, ನಿಜ. ಆದರೆ ಸಂತಾನಕ್ಕೆ ಲಾಭವಾದರೆ ನೈಜೆಲ್ಲನಿಗೆ ಏನಾಯಿತು? ಕುಲವೆಂಬುದಕ್ಕೆ ಹಸಿವಿಲ್ಲ, ಚಳಿಯಿಲ್ಲ. ಕಾದು ಕುಳಿತದ್ದು ಒಂದು ಹಕ್ಕಿ.

ಆ ಹಕ್ಕಿಗೆ ದುಃಖವಿತ್ತೆಂದು ನಾನು ಹೇಳಲಾರೆ. ನನ್ನ ಒಂಟಿತನವನ್ನು ಅದರ ಮೈಮೇಲೆ ಹೊದಿಸುವುದು ಇನ್ನೊಂದು ಸುಳ್ಳಾದೀತು. ಬೊಂಬೆಗಳು ನುಡಿಯುವ ಮಾತಿನಲ್ಲಿ ಅರ್ಧ ಸತ್ಯವೂ ಉಂಟು. 'ಇಲ್ಲಿ ಇಲಿಯ ಭಯವಿಲ್ಲ, ಬಾ' ಎಂಬುದು ನಿಜ. 'ನಿನ್ನವರು ಇದ್ದಾರೆ' ಎಂಬುದು ಮಾತ್ರ ಇನ್ನೂ ನಿಜವಾಗಿಲ್ಲ. ಮೊದಲು ಬಂದವನು ಅದನ್ನು ನಂಬಿ ನಿಂತರೆ, ಮುಂದೆ ಬರುವವರಿಗೆ ನಿಜವಾದೀತು. ಅಂದರೆ ಈ ಸುಳ್ಳಿನ ಬೆಲೆಯನ್ನೆಲ್ಲ ಮೊದಲನೆಯವನೇ ತೆರಬೇಕು.

ಹಾಗಾದರೆ ಬೊಂಬೆಗಳನ್ನು ಕಿತ್ತುಹಾಕೋಣವೆ? ನನಗೆ ಹಾಗೆನ್ನಿಸಲಿಲ್ಲ. ಕಡಲಹಕ್ಕಿಯಿಲ್ಲದ ನಡುಗಡ್ಡೆ ಬಡವಾಗುತ್ತದೆ. ಅವುಗಳ ಹಿಕ್ಕೆಯೇ ಅಲ್ಲಿಯ ಮಣ್ಣಿಗೆ ಗೊಬ್ಬರ. ಆದರೆ ಒಳ್ಳೆಯ ಉದ್ದೇಶವಿತ್ತೆಂಬ ಮಾತ್ರಕ್ಕೆ ಸುಳ್ಳು ಹೇಳಿದವನ ಲೆಕ್ಕ ಚುಕ್ತಾ ಆಗುವುದಿಲ್ಲ. 'ನಿನ್ನವರು ಇದ್ದಾರೆ' ಎಂದು ಕರೆದವನು ಆ ಮಾತು ನಿಜವಾಗುವ ತನಕ ದುಡಿಯುವ ಸಾಲವನ್ನು ಹೊರುತ್ತಾನೆ. ಬಣ್ಣ ಮಾಸಿದಾಗ ಹಚ್ಚಬೇಕು, ಇಲಿ ಬಾರದಂತೆ ಚೀಲ ಝಾಡಿಸಬೇಕು. ನಾಲ್ಕು ದಿನದ ಉತ್ಸಾಹ ಸಾಲದು.

ನಾನಾದರೋ ಒಂದು ದಿನದ ಅತಿಥಿ. ಸಂಜೆ ದೋಣಿಗೆ ಕರೆ ಬಂದಾಗ ನನ್ನ ಸಾಲಿನಲ್ಲಿ ಇನ್ನೂ ಎರಡು ಹಕ್ಕಿಗಳು ಉಳಿದಿದ್ದವು. ಕುಂಚವನ್ನು ಮುಂದಿನ ತಂಡದವರಿಗೆಂದು ತೊಳೆದಿಟ್ಟು ಬಂದೆ.